ಬೆಲೆ ಕೇಳದೆ ಕೊಡುವ ಮಾತು

ಅಕ್ಟೋಬರ್ ತಿಂಗಳ ಕೊನೆ ವಾರ. ಅವತ್ತಿನ ಪೇಪರು ಅಚ್ಚಿಗೆ ಹೋಗಿತ್ತು, ನಾವು ಚಹಾ ತರಿಸಿ ಕೂತಿದ್ದೆವು. ಚೌಕಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಸಾಹುಕಾರ್ರೊಬ್ಬರು ಕೈಯಲ್ಲಿ ಮೂರು ಹಾಳೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹಾಳೆಗಳನ್ನು ಮೇಜಿನ ಮೇಲೆ ಹರಡಿ, "ಓದಿ ಹೇಳ್ರಿ, ಇದರಾಗೆ ನಾನು ಏನಂತ ಸಹಿ ಮಾಡ್ಬೇಕು?" ಅಂದರು.

ಅವರ ಮಗಳು ಬೆಂಗಳೂರಿನಲ್ಲಿ ಹನ್ನೆರಡನೇ ತರಗತಿ. ಬುದ್ಧಿವಂತೆ. ಅಮೆರಿಕಕ್ಕೆ ಡಿಗ್ರಿ ಓದಲು ಹೋಗಬೇಕೆಂಬ ಆಸೆ. ಅರ್ಜಿ ಹಾಕಿಸಿಕೊಡುವ ಏಜೆಂಟು, "ನವೆಂಬರ್ ಒಂದರೊಳಗೆ ಹಾಕಿದ್ರೆ ಸೀಟು ಸಿಗೋದು ಸುಲಭ" ಎಂದಿದ್ದಾನೆ. ಸಾಹುಕಾರ್ರು, "ಹಂಗಾದ್ರೆ ಹತ್ತು ಕಾಲೇಜಿಗೂ ಈಗಲೇ ಹಾಕಿಬಿಡು ಮಾರಾಯ" ಎಂದರೆ, "ಆಗೋದಿಲ್ಲ ಸರ್, ಈ ಥರದ್ದು ಒಂದಕ್ಕೆ ಮಾತ್ರ" ಎಂದನಂತೆ. ಯಾಕೆ ಒಂದಕ್ಕೆ ಮಾತ್ರ ಎಂದರೆ ಉತ್ತರ ಇಲ್ಲ. ಮಗಳ ಸಹಿ, ಶಾಲೆಯವರ ಸಹಿ ಆಗಿತ್ತು. ಅಪ್ಪನ ಸಹಿಯ ಜಾಗ ಖಾಲಿ ಇತ್ತು.

ಪಿಯುಸಿ ಅರ್ಧಕ್ಕೆ ಬಿಟ್ಟವನು ಅಮೆರಿಕದ ಕಾಲೇಜಿನ ಸಂಗತಿ ಬರೆಯುವುದೇ ಎಂದು ಓದುಗರು ನಗಬಹುದು. ನಗಿರಿ, ಬೇಸರವಿಲ್ಲ. ಅರ್ಧಕ್ಕೆ ಬಿಟ್ಟವನಿಗೇ ಕಾಲೇಜಿನ ಕಾಗದದ ಮೇಲೆ ಅನುಮಾನ ಜಾಸ್ತಿ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಸಾಹುಕಾರ್ರ ಹಾಳೆ ಹಿಡಿದು ಅವತ್ತು ರಾತ್ರಿ, ಮಾರನೇ ದಿನ, ಅದರ ಮಾರನೇ ದಿನ ಕೂತು ಓದಿದ್ದು, ತಿಳಿದವರನ್ನು ಕೇಳಿದ್ದು ಎಲ್ಲವನ್ನೂ ಇಲ್ಲಿ ಇಟ್ಟಿದ್ದೇವೆ. ಯಾಕೆಂದರೆ ಇದು ಒಬ್ಬ ಸಾಹುಕಾರ್ರ ಕಥೆ ಅಲ್ಲ. 2023-24ರ ಲೆಕ್ಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3,31,602. ಅದರಲ್ಲಿ ಹೆಚ್ಚಿನವರು ಇಲ್ಲಿ ಡಿಗ್ರಿ ಮುಗಿಸಿ ಅಲ್ಲಿ ಎಂ.ಎಸ್. ಓದಲು ಹೋದವರು. ಡಿಗ್ರಿಗೇ ಹೋದವರು 36,053, ಅಂದರೆ ನೂರಕ್ಕೆ ಹನ್ನೊಂದು ಜನ. ಆದರೆ ಆ ಸಂಖ್ಯೆ ಏರುತ್ತಾ ಬಂದದ್ದು ನಿಜ. ಮೊದಲು ಬೆಂಗಳೂರಿನ ದೊಡ್ಡ ಮನೆಗಳಿಗೆ ಮಾತ್ರ ಬರುತ್ತಿದ್ದ ಈ ಹಾಳೆ ಈಗ ಚೌಕಿಪೇಟೆಗೂ ಬಂದಿದೆ. ನಾಳೆ ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೂ ಬಂದು ಕೂರಬಹುದು.

ಮೂರು ಬಾಗಿಲು

ಮೊದಲು ತಿಳಿಯಬೇಕಾದ್ದು ಇಷ್ಟು. ಅಮೆರಿಕದ ಕಾಲೇಜುಗಳಿಗೆ ಮಾಮೂಲಿ ಅರ್ಜಿ ಎಂಬುದು ಇದೆ. ಬಹಳ ಕಡೆ ಅದರ ಗಡುವು ಜನವರಿ ಮೊದಲ ದಿನಗಳು, ಉತ್ತರ ಮಾರ್ಚ್ ಕೊನೆಗೆ. ಅದಕ್ಕೆ ಎಷ್ಟು ಕಾಲೇಜಿಗೆ ಬೇಕಾದರೂ ಹಾಕಿ, ಯಾರೂ ಕೇಳುವುದಿಲ್ಲ. ಸೀಟು ಕೊಟ್ಟ ಕಾಲೇಜುಗಳ ಪತ್ರ, ಅವು ಕೊಡುವ ಸಹಾಯಧನದ ಲೆಕ್ಕ ಎಲ್ಲಾ ಮುಂದಿಟ್ಟುಕೊಂಡು, ತೂಗಿ ನೋಡಿ, ಮೇ 1ರೊಳಗೆ ಒಂದಕ್ಕೆ ಒಪ್ಪಿಗೆ ಕೊಟ್ಟರಾಯಿತು.

ಇದಕ್ಕೆ ಮುಂಚೆ ಬೇಗ ಅರ್ಜಿ ಹಾಕುವವರ ಸಾಲೊಂದಿದೆ. ನವೆಂಬರ್ 1 ಅಥವಾ 15ಕ್ಕೆ ಅರ್ಜಿ, ಡಿಸೆಂಬರ್ ನಡುವಿಗೆ ಉತ್ತರ. ಈ ಸಾಲಿನಲ್ಲಿ ಮೂರು ಬಾಗಿಲು. ಮೂರಕ್ಕೂ ಹೆಸರು ಒಂದೇ ಥರ ಇರುವುದರಿಂದ ಜನ ಮೋಸ ಹೋಗುತ್ತಾರೆ.

ಒಂದನೆಯದು ಅರ್ಲಿ ಆಕ್ಷನ್. ಬೇಗ ಹಾಕು, ಬೇಗ ಉತ್ತರ ತಗೋ, ಬರಲೇಬೇಕೆಂದಿಲ್ಲ. ಇದನ್ನು ನಾಲ್ಕಾರು ಕಾಲೇಜಿಗೆ ಹಾಕಬಹುದು. ಅಂಗಡಿಗೆ ಬೆಳಿಗ್ಗೆಯೇ ಹೋಗಿ ಸೀರೆ ನೋಡಿ ಬಂದ ಹಾಗೆ. ಕೊಳ್ಳುವುದು ಬಿಡುವುದು ನಮ್ಮ ಇಷ್ಟ.

ಎರಡನೆಯದು ಅರ್ಲಿ ಡಿಸಿಷನ್. ಇದು ತಾಂಬೂಲ ಬದಲಾಯಿಸಿಕೊಂಡ ಹಾಗೆ. "ನೀವು ಸೀಟು ಕೊಟ್ಟರೆ ನಾನು ಬಂದೇ ಬರುತ್ತೇನೆ, ಬೇರೆ ಎಲ್ಲಾ ಅರ್ಜಿ ವಾಪಸು ತೆಗೆಯುತ್ತೇನೆ, ಹೊಸದಾಗಿ ಎಲ್ಲಿಯೂ ಹಾಕುವುದಿಲ್ಲ" ಎಂದು ಮುಚ್ಚಳಿಕೆ ಬರೆದುಕೊಡಬೇಕು. ಮಗು, ಹೆತ್ತವರು, ಶಾಲೆಯ ಸಲಹೆಗಾರರು ಮೂವರೂ ಸಹಿ ಹಾಕಬೇಕು. ಕೊಲಂಬಿಯಾ, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಡ್ಯೂಕ್ ಇವೆಲ್ಲ ಈ ಬಾಗಿಲಿನವು. ಕೆಲವು ಕಾಲೇಜುಗಳು ಜನವರಿಯಲ್ಲಿ ಇದರ ಎರಡನೇ ಕಂತನ್ನೂ ನಡೆಸುತ್ತವೆ. ನವೆಂಬರ್‌ನಲ್ಲಿ ಒಂದು ಕಡೆ ಸಿಗದವರು ಅಲ್ಲಿ ಇನ್ನೊಮ್ಮೆ ಮಾತು ಕೊಡಬಹುದು.

ಮೂರನೆಯದು ಎರಡರ ಮಧ್ಯದ್ದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನವರು ರಿಸ್ಟ್ರಿಕ್ಟಿವ್ ಅರ್ಲಿ ಆಕ್ಷನ್ ಎನ್ನುತ್ತಾರೆ. ಯೇಲ್‌ನವರು ಸಿಂಗಲ್ ಚಾಯ್ಸ್ ಅರ್ಲಿ ಆಕ್ಷನ್ ಎನ್ನುತ್ತಾರೆ. ಇಲ್ಲಿ ತಾಂಬೂಲವೇನೂ ಇಲ್ಲ, ಸೀಟು ಕೊಟ್ಟರೂ ಬರಲೇಬೇಕೆಂದಿಲ್ಲ, ಮೇ 1ರ ತನಕ ಯೋಚನೆ ಮಾಡಬಹುದು. ಆದರೆ, ನಾವು ಉತ್ತರ ಹೇಳುವ ತನಕ ಬೇರೆ ಮನೆಗೆ ಜಾತಕ ಕಳಿಸಬೇಡಿ ಎಂಬ ಷರತ್ತು.

ಸಾಹುಕಾರ್ರ ಕೈಯಲ್ಲಿದ್ದದ್ದು ಎರಡನೇ ಬಾಗಿಲಿನ ಹಾಳೆ.

ಯಾವುದಕ್ಕೆ ತಡೆ, ಯಾವುದಕ್ಕಿಲ್ಲ

"ಒಂದಕ್ಕೆ ಮಾತ್ರ" ಎಂಬ ಮಾತನ್ನು ಏಜೆಂಟು ಅರ್ಧ ಹೇಳಿದ್ದ. ಪೂರ್ತಿ ಹೀಗಿದೆ.

ಅರ್ಲಿ ಡಿಸಿಷನ್ ಒಂದು ಹೊತ್ತಿಗೆ ಒಂದೇ ಕಾಲೇಜಿಗೆ. ಆದರೆ ಅದರ ಜೊತೆಗೆ, ಷರತ್ತಿಲ್ಲದ ಅರ್ಲಿ ಆಕ್ಷನ್ ಅರ್ಜಿಗಳನ್ನೂ ಮಾಮೂಲಿ ಅರ್ಜಿಗಳನ್ನೂ ಬೇರೆ ಕಾಲೇಜುಗಳಿಗೆ ಹಾಕಬಹುದು. ಮಾತು ಕೊಟ್ಟ ಕಾಲೇಜು ಡಿಸೆಂಬರ್‌ನಲ್ಲಿ "ಬಾ" ಎಂದರೆ ಮಾತ್ರ ಉಳಿದವನ್ನೆಲ್ಲ ವಾಪಸು ತೆಗೆಯಬೇಕು. "ಬೇಡ" ಎಂದರೆ ಅಥವಾ "ಮಾಮೂಲಿ ಸಾಲಿನಲ್ಲಿ ನೋಡೋಣ" ಎಂದು ಮುಂದೂಡಿದರೆ ಮುಚ್ಚಳಿಕೆ ಅಲ್ಲಿಗೆ ಮುಗಿಯಿತು.

ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್ ಥರದ ಮೂರನೇ ಬಾಗಿಲಿನಲ್ಲಿ, ಅಮೆರಿಕದ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗನೆ ಅರ್ಜಿ ಹಾಕುವಂತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ, ಬರಲೇಬೇಕೆಂಬ ಕಟ್ಟು ಇಲ್ಲದಿದ್ದರೆ, ಹಾಕಬಹುದು. ಬೇರೆ ದೇಶದ ಕಾಲೇಜುಗಳಿಗೂ ಹಾಕಬಹುದು, ಅಂದರೆ ನಮ್ಮ ಭಾರತದ ಕಾಲೇಜಿಗೆ ಹಾಕಿದರೆ ಯಾವ ತಕರಾರೂ ಇಲ್ಲ. ಮಾಮೂಲಿ ಗಡುವಿನ ಅರ್ಜಿ ಎಲ್ಲಿಗೆ ಬೇಕಾದರೂ ಸರಿ. ಒಂದೊಂದು ಕಾಲೇಜಿನ ನಿಯಮದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಆದ್ದರಿಂದ ಏಜೆಂಟಿನ ಬಾಯಿಮಾತು ನಂಬದೆ ಆಯಾ ಕಾಲೇಜಿನ ನಿಯಮವನ್ನೇ, ಆ ವರ್ಷದ್ದನ್ನೇ, ಓದಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಈ ಬೇಗದ ಸಾಲು ಎಂಬುದೇ ಇಲ್ಲ. ಎಲ್ಲರಿಗೂ ಒಂದೇ ಗಡುವು. ಅಂದರೆ ಇದಿಲ್ಲದೆ ಕಾಲೇಜು ನಡೆಸಲಾಗದು ಎಂಬುದೇನೂ ಸತ್ಯವಲ್ಲ.

ಇಂಗ್ಲೆಂಡಿನದು ಇನ್ನೊಂದು ರೀತಿ. ಅಲ್ಲಿ ಡಿಗ್ರಿಗೆ ಒಂದೇ ಅರ್ಜಿಯಲ್ಲಿ ಐದು ಆಯ್ಕೆಯ ತನಕ ಬರೆಯಬಹುದು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತಡೆ ಎಲ್ಲಾ ದೇಶದಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಪ್ರಶ್ನೆ ಇರುವುದು ಆ ತಡೆಯಿಂದ ಯಾರಿಗೆ ಲಾಭ ಎಂಬುದರಲ್ಲಿ.

ಮಾತು ತಪ್ಪಿದರೆ?

"ಅಮೆರಿಕದೋರು ಇಲ್ಲಿಗೆ ಬಂದು ಕೇಸ್ ಹಾಕ್ತಾರೇನ್ರಿ?" ಎಂದು ಸಾಹುಕಾರ್ರು ಕೇಳಿದರು. ಹಾಕುವುದಿಲ್ಲ. ಇದು ಛಾಪಾ ಕಾಗದದ ಮೇಲಿನ ಕರಾರಲ್ಲ, ಮರ್ಯಾದೆಯ ಮಾತು. ಹಾಗೆಂದು ತಪ್ಪಿಸಿಕೊಂಡು ಹೋಗುವುದು ಸುಲಭವಲ್ಲ. ನಿಮ್ಮ ಹೆಸರನ್ನೂ ಈ ಮುಚ್ಚಳಿಕೆಯನ್ನೂ ಬೇರೆ ಕಾಲೇಜುಗಳಿಗೆ ತಿಳಿಸಬಹುದು ಎಂಬುದಕ್ಕೆ ನೀವೇ ಆ ಹಾಳೆಯಲ್ಲಿ ಒಪ್ಪಿರುತ್ತೀರಿ. ಎರಡು ಕಡೆ ಮಾತು ಕೊಟ್ಟದ್ದು ಗೊತ್ತಾದರೆ ಎರಡೂ ಸೀಟು ಕೈಬಿಡಬಹುದು.

ಪೆಟ್ಟು ನಮ್ಮ ಮಗುವಿಗೆ ಮಾತ್ರ ಬೀಳುತ್ತದೆ ಎಂದೂ ಇಲ್ಲ. 2025ರಲ್ಲಿ ಲೂಸಿಯಾನಾ ರಾಜ್ಯದ ಟುಲೇನ್ ವಿಶ್ವವಿದ್ಯಾಲಯ, ಒಬ್ಬ ವಿದ್ಯಾರ್ಥಿ ಮಾತಿನಿಂದ ಹಿಂದೆ ಸರಿದದ್ದಕ್ಕೆ, ಆ ಶಾಲೆಯ ಮಕ್ಕಳು ಒಂದು ವರ್ಷ ಅರ್ಲಿ ಡಿಸಿಷನ್ ಅರ್ಜಿ ಹಾಕುವಂತಿಲ್ಲ ಎಂದಿತು. ಒಬ್ಬ ಮಾಡಿದ್ದಕ್ಕೆ ಊರಿಗೆಲ್ಲ ದಂಡ. ಸಹಿ ಹಾಕಿದ ಶಾಲೆಯವರು ಯಾಕೆ ಹೆದರುತ್ತಾರೆ ಎಂಬುದು ಈಗ ತಿಳಿಯಿತಲ್ಲ.

ಒಂದು ಹಿಂಬಾಗಿಲು ಇದೆ. ಕಾಲೇಜು ಕೊಡುವ ಸಹಾಯಧನ ಸಾಲದೆ, ಮಗು ಅಲ್ಲಿ ಓದಲು ಸಾಧ್ಯವೇ ಇಲ್ಲ ಎಂದಾದರೆ, ಬಿಡುಗಡೆ ಕೇಳಬಹುದು. ಮುಚ್ಚಳಿಕೆಯಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ಆ ಹೊತ್ತಿಗೆ ಡಿಸೆಂಬರ್ ಅರ್ಧ ಕಳೆದಿರುತ್ತದೆ. ಉಳಿದ ಅರ್ಜಿ ಸಿದ್ಧ ಮಾಡಿಟ್ಟುಕೊಳ್ಳದಿದ್ದರೆ ಹತ್ತು ಹದಿನೈದು ದಿನದಲ್ಲಿ ಬರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಈ ಸಹಾಯಧನ ಸಾಲದು ಎಂದು ಹೇಳಲು ಅಳತೆಗೋಲು ಬೇಕಲ್ಲ? ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತು ಎಂಬುದು ಗೊತ್ತಾಗುವ ಮುಂಚೆಯೇ ಬಾಗಿಲು ಮುಚ್ಚಿರುತ್ತದೆ.

ಕಾಲೇಜಿಗೇನು ಲಾಭ?

ಇದು ನಮ್ಮ ಮಂಡಿಪೇಟೆಯವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಹಬ್ಬದ ಮುಂಚೆ ಮಾಲು ತರಿಸಿದ ವ್ಯಾಪಾರಿಗೆ ಹೆದರಿಕೆ ಒಂದೇ, ಗಿರಾಕಿ ಬಂದಾನೋ ಇಲ್ಲವೋ. ನೂರು ಜನರಿಗೆ ಸೀಟು ಕೊಟ್ಟರೆ ನಲವತ್ತು ಜನ ಬಂದು ಅರವತ್ತು ಜನ ಬೇರೆ ಕಡೆ ಹೋದರೆ ಕಾಲೇಜಿನ ಲೆಕ್ಕ ಏರುಪೇರು. ಅರ್ಲಿ ಡಿಸಿಷನ್‌ನಲ್ಲಿ ಸೀಟು ಕೊಟ್ಟವರು ಹೆಚ್ಚುಕಡಿಮೆ ಎಲ್ಲರೂ ಬರುತ್ತಾರೆ. ಹಾಗಾಗಿ ಕೆಲವು ಕಾಲೇಜುಗಳು ಅರ್ಧಕ್ಕಿಂತ ಹೆಚ್ಚು ಸೀಟನ್ನು ಡಿಸೆಂಬರ್‌ನಲ್ಲೇ ತುಂಬಿಸಿಕೊಳ್ಳುತ್ತವೆ. ಮಾಮೂಲಿ ಸಾಲಿನಲ್ಲಿ ನಿಂತವರಿಗೆ ಉಳಿಕೆ ಸೀಟು. ಬಸ್ಸು ಸ್ಟ್ಯಾಂಡಿಗೆ ಬರುವ ಮುಂಚೆಯೇ ಡಿಪೋದಲ್ಲಿ ಅರ್ಧ ಬಸ್ಸು ತುಂಬಿರುವ ಹಾಗೆ. ಟವೆಲು ಹಾಕಿ ಸೀಟು ಹಿಡಿಯುವ ನಮ್ಮ ಪ್ರಯಾಣಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏಜೆಂಟು ಹೇಳಿದ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಬೇಕು. ಬೇಗ ಹಾಕಿದವರಿಗೆ ಸೀಟು ಸಿಗುವ ಸಂಭವ ಹೆಚ್ಚು. ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂದೇ ಯೋಗ್ಯತೆಯ ಇಬ್ಬರಲ್ಲಿ ಬೇಗ ಹಾಕಿದವನಿಗೆ ಸಿಗುವ ಅನುಕೂಲ, ಸ್ಯಾಟ್ ಪರೀಕ್ಷೆಯಲ್ಲಿ 100 ಅಂಕ ಜಾಸ್ತಿ ಬಂದಷ್ಟು ಎಂದು ಲೆಕ್ಕ ಹಾಕಿದರು.

ಹಾಗಾದರೆ ಆ ಅನುಕೂಲ ಯಾರ ಪಾಲು? ಬೆಲೆ ಎಷ್ಟೆಂದು ಕೇಳದೆ "ಬರುತ್ತೇನೆ" ಎನ್ನಬಲ್ಲವರ ಪಾಲು. ಚೌಕಿಪೇಟೆಗೆ ಬಂದು, ಬೆಲೆ ಕೇಳದೆ, ಪಕ್ಕದ ಅಂಗಡಿಗೂ ಹೋಗದೆ, "ಪ್ಯಾಕ್ ಮಾಡ್ರಿ" ಎನ್ನುವ ಗಿರಾಕಿ ಯಾರು? ಒಂದೋ ದುಡ್ಡಿನ ಕುಳ, ಇಲ್ಲವೇ ವ್ಯಾಪಾರ ಗೊತ್ತಿಲ್ಲದವನು. ನಾಲ್ಕು ಅಂಗಡಿ ಸುತ್ತಿ ಹತ್ತು ರೂಪಾಯಿ ಕಡಿಮೆಗೆ ತರುವ ನಮ್ಮ ತಾಯಂದಿರಿಗೆ ಈ ಬಾಗಿಲಿನಲ್ಲಿ ಜಾಗವಿಲ್ಲ. ನಮ್ಮ ತಕರಾರು ಇರುವುದು ಇಲ್ಲೇ. ಹೆಸರಿಗೆ ಇದು ಕಾಲೇಜಿನ ಮೇಲಿನ ಪ್ರೀತಿಯ ಪರೀಕ್ಷೆ. ನಿಜದಲ್ಲಿ ಇದು ಜೇಬಿನ ಪರೀಕ್ಷೆ.

ಬಿಟ್ಟರು, ಮತ್ತೆ ಹಿಡಿದರು

ಇದನ್ನು ನಾವು ಮಾತ್ರ ಹೇಳುತ್ತಿಲ್ಲ. ಅಲ್ಲಿಯವರೇ ಹೇಳಿದ್ದಾರೆ. 2002ರಲ್ಲಿ ಯೇಲ್, ಸ್ಟ್ಯಾನ್‌ಫರ್ಡ್ ಎರಡೂ ಬರಲೇಬೇಕೆಂಬ ಕಟ್ಟನ್ನು ಕೈಬಿಡುವುದಾಗಿ ಸಾರಿ ಈಗಿನ ಮೂರನೇ ಬಾಗಿಲಿಗೆ ಬಂದವು. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ವರ್ಜೀನಿಯಾ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಈ ಬೇಗದ ಸಾಲು ಉಳ್ಳವರಿಗೇ ಅನುಕೂಲ, ಇದನ್ನು ತೆಗೆದೇ ಬಿಡುತ್ತೇವೆ ಎಂದು ಸಾರಿದವು. ಉಳಿದ ದೊಡ್ಡ ಕಾಲೇಜುಗಳು ಹಿಂದೆ ಬರುತ್ತವೆ ಎಂಬ ನಿರೀಕ್ಷೆ ಇತ್ತು. ಬರಲಿಲ್ಲ. ಒಂದು ಓಣಿಯಲ್ಲಿ ಇಬ್ಬರು ಮೂವರು ಮಾತ್ರ ಭಾನುವಾರ ಅಂಗಡಿ ಮುಚ್ಚಿದರೆ ಏನಾಗುತ್ತದೋ ಅದೇ ಆಯಿತು. 2011ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತೆ ಬೇಗದ ಸಾಲು ಶುರು ಮಾಡುವುದಾಗಿ ಹೇಳಿದವು. ಬಿಟ್ಟ ಪದ್ಧತಿಗೆ ಐದೇ ವರ್ಷದಲ್ಲಿ ಪುನರ್ಜನ್ಮ.

ಸರ್ಕಾರದ ಕಣ್ಣೂ ಬಿತ್ತು. ಕಾಲೇಜು ಪ್ರವೇಶದ ಅಧಿಕಾರಿಗಳ, ಸಲಹೆಗಾರರ ರಾಷ್ಟ್ರೀಯ ಸಂಘವೊಂದಿದೆ. ಅರ್ಲಿ ಡಿಸಿಷನ್‌ಗೆ ಬಂದವರಿಗೆ ಕಾಲೇಜು ವಿಶೇಷ ಆಮಿಷ ಒಡ್ಡಬಾರದು, ಬೇರೆ ಕಾಲೇಜಿಗೆ ಒಪ್ಪಿಗೆ ಕೊಟ್ಟ ವಿದ್ಯಾರ್ಥಿಯನ್ನು ಸೆಳೆಯಬಾರದು ಎಂದು ಅದರ ನೀತಿಸಂಹಿತೆ ಹೇಳುತ್ತಿತ್ತು. ಇದು ಪೈಪೋಟಿಗೆ ಅಡ್ಡಿ ಎಂದು ಅಮೆರಿಕದ ನ್ಯಾಯ ಇಲಾಖೆ ಹಿಡಿಯಿತು. 2019ರ ಸೆಪ್ಟೆಂಬರ್‌ನಲ್ಲಿ ಸಂಘವೇ ಆ ನಿಯಮಗಳನ್ನು ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಇಲಾಖೆಯೊಂದಿಗೆ ರಾಜಿಯಾಯಿತು. ಆದರೆ ಅರ್ಲಿ ಡಿಸಿಷನ್ ಪದ್ಧತಿ ಮಾತ್ರ ಹಾಗೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ಕೆಲವು ವಿದ್ಯಾರ್ಥಿಗಳು 32 ಕಾಲೇಜುಗಳ ಮೇಲೆ ಮಸಾಚುಸೆಟ್ಸ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಇವರೆಲ್ಲ ಸೇರಿ ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈ ಹಾಕದೆ ಇರುವುದರಿಂದ ಓದಿನ ಬೆಲೆ ಏರಿದೆ ಎಂಬುದು ಅವರ ದೂರು. ಅಂಗಡಿಯವರು ಒಳಗೊಳಗೇ ಮಾತಾಡಿಕೊಂಡು ದರ ಕಟ್ಟಿದರೆ ಗಿರಾಕಿ ಏನನ್ನುತ್ತಾನೋ, ಅದೇ ಮಾತು.

ನಮ್ಮ ಮಕ್ಕಳ ಲೆಕ್ಕ ಬೇರೆ

ಅಮೆರಿಕದ ಮಗುವಿಗಿಂತ ನಮ್ಮ ಮಗುವಿಗೆ ಈ ಸಹಿ ಹೆಚ್ಚು ಭಾರ. ಮೂರು ಕಾರಣ.

ಒಂದು, ಅಲ್ಲಿಯ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯಧನ ವಿದೇಶಿಯರಿಗೆ ಇಲ್ಲ. ಕಾಲೇಜು ತನ್ನ ಕೈಯಿಂದ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡು, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್, ಡಾರ್ಟ್‌ಮತ್ ಥರದ ಬೆರಳೆಣಿಕೆಯ ಕಾಲೇಜುಗಳು ಮಾತ್ರ, ಸಹಾಯಧನ ಕೇಳಿದ್ದಾರೆಯೇ ಎಂದು ನೋಡದೆ ವಿದೇಶಿ ಮಕ್ಕಳಿಗೆ ಸೀಟು ಕೊಡುತ್ತವೆ. ಬಹುಪಾಲು ಕಾಲೇಜುಗಳಲ್ಲಿ, ನಮ್ಮ ಮಗು ದುಡ್ಡಿನ ನೆರವು ಕೇಳಿತೆಂದರೆ ಅದನ್ನೂ ತಕ್ಕಡಿಯಲ್ಲಿಟ್ಟೇ ಸೀಟಿನ ತೀರ್ಮಾನ. ಏಜೆಂಟುಗಳು ಕೆಲವರು, "ಈಗ ನೆರವು ಬೇಡ ಅಂತ ಬರೀರಿ, ಆಮೇಲೆ ನೋಡೋಣ" ಎಂದು ಹೇಳಿಕೊಡುವುದು ಇದಕ್ಕೇ. ಆಮೇಲೆ ಕೇಳಿದರೆ ಎಷ್ಟೋ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗೆ ನಾಲ್ಕು ವರ್ಷವೂ ಕೊಡುವುದಿಲ್ಲ.

ಮೂರು, ಖರ್ಚು. ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 68 ಲಕ್ಷ. ನಾಲ್ಕು ವರ್ಷಕ್ಕೆ 2 ಕೋಟಿ 72 ಲಕ್ಷ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಸಾಹುಕಾರ್ರು ಚಹಾ ಲೋಟ ಕೆಳಗಿಟ್ಟರು. "ಅಂಗಡಿ, ಮನೆ ಎರಡೂ ಮಾರಿದ್ರೂ..." ಎಂದು ಅಲ್ಲಿಗೇ ನಿಲ್ಲಿಸಿದರು. ಏಜೆಂಟು ಈ ಗುಣಾಕಾರ ಮಾಡಿ ತೋರಿಸಿರಲಿಲ್ಲ.

ನಮ್ಮಲ್ಲಿ ಹೇಗಿದೆ?

ಅಮೆರಿಕದವರನ್ನು ಬೈದು ನಮ್ಮನ್ನು ನಾವೇ ಹೊಗಳಿಕೊಳ್ಳುವ ಹಾಗೂ ಇಲ್ಲ. ನಮ್ಮ ಸಿಇಟಿ ಪದ್ಧತಿಯಲ್ಲಿ ಒಂದು ನ್ಯಾಯ ಇದೆ. ಎಷ್ಟು ಕಾಲೇಜು ಬೇಕೋ ಅಷ್ಟನ್ನು ಕ್ರಮವಾಗಿ ಬರೆಯಬಹುದು. ಸರ್ಕಾರಿ ಕೋಟಾದ ಫೀಸು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಸೀಟು ಹಂಚಿದ ಮೇಲೆ ಒಪ್ಪಿಕೊಂಡು ಸೇರುವುದಾದರೆ ಚಾಯ್ಸ್ 1, ಇದು ಇರಲಿ ಮುಂದಿನ ಸುತ್ತನ್ನೂ ನೋಡೋಣ ಎಂದರೆ ಚಾಯ್ಸ್ 2, ಇದು ಬೇಡ ಮುಂದಿನ ಸುತ್ತು ಬೇಕು ಎಂದರೆ ಚಾಯ್ಸ್ 3, ಏನೂ ಬೇಡ ಎಂದರೆ ಚಾಯ್ಸ್ 4. ಇಲ್ಲಿಯೂ ಚಾಯ್ಸ್ 1 ಒತ್ತಿದರೆ ಅದು ಮಾತು ಕೊಟ್ಟ ಹಾಗೇ. ಆದರೆ ಬೆಲೆ ನೋಡಿ ಕೊಟ್ಟ ಮಾತು.

ಕೆಡುವುದು ಅದರ ಹೊರಗೆ. ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಮುಂಗಡ ಕಟ್ಟಿಸಿಕೊಳ್ಳುವ ಕಾಲೇಜುಗಳು ನಮ್ಮಲ್ಲಿ ಕಡಿಮೆಯೇ? "ಸೀಟು ಬ್ಲಾಕ್ ಮಾಡಿ" ಎಂಬ ಮಾತನ್ನು ಕೇಳದ ತಂದೆ ಯಾರು? ಅಮೆರಿಕದ ಕಾಲೇಜು ಮಾತು ಕೇಳುತ್ತದೆ, ನಮ್ಮ ಕಾಲೇಜು ಮಾರ್ಕ್ಸ್ ಕಾರ್ಡನ್ನೇ ಕೇಳುತ್ತದೆ.

ಈ ವರದಿಗಾರನ ಪಿಯುಸಿ ನಿಂತದ್ದು ಹೀಗೆಯೇ. ಮೊದಲ ಕಂತು ಕಟ್ಟಿ, ಟಿ.ಸಿ., ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೊಟ್ಟು ಒಂದು ಖಾಸಗಿ ಕಾಲೇಜಿಗೆ ಸೇರಿದ್ದೆ. ಆ ವರ್ಷ ಅಪ್ಪನ ಕೈ ಕಟ್ಟಿತು, ಎರಡನೇ ಕಂತು ಹೊಂದಲಿಲ್ಲ. ಸರ್ಕಾರಿ ಕಾಲೇಜಿಗೆ ಹೋಗುತ್ತೇನೆ, ಕಾಗದ ವಾಪಸು ಕೊಡಿ ಎಂದರೆ, ಎರಡು ವರ್ಷದ ಪೂರ್ತಿ ಫೀಸು ಕಟ್ಟಿ ತಗೊಂಡು ಹೋಗಿ ಎಂದರು. ಸೇರುವಾಗ ಅಪ್ಪ ಒಂದು ಹಾಳೆಗೆ ಸಹಿ ಹಾಕಿದ್ದರು, ಅದರಲ್ಲಿ ಹಾಗೆ ಬರೆದಿತ್ತಂತೆ. ಅಪ್ಪ ಓದಿರಲಿಲ್ಲ, ಓದಿ ಹೇಳು ಎಂದು ನನಗೂ ಕೊಟ್ಟಿರಲಿಲ್ಲ. ಕಾಗದ ಕೈಗೆ ಬರುವ ಹೊತ್ತಿಗೆ ವರ್ಷ ಮುಗಿದಿತ್ತು, ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಸಾಹುಕಾರ್ರ ಹಾಳೆ ನೋಡಿದಾಗ ನನಗೆ ಅಪ್ಪನ ಸಹಿ ಕಣ್ಣ ಮುಂದೆ ಬಂತು. ಇಷ್ಟೇ ಕಾರಣ.

ಡಿಗ್ರಿ ಕಾಲೇಜಿನವರಿಗೆ ಈಗ ಯುಜಿಸಿ ನಿಯಮ ಇದೆ. 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಮೂಲ ಕಾಗದಗಳನ್ನು ನೋಡಿ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದಿದೆ. ಪ್ರವೇಶದ ಕೊನೆ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ, ನೂರಕ್ಕೆ ಐದರಷ್ಟು, ಅದೂ 5,000 ರೂಪಾಯಿ ಮೀರದಂತೆ ಖರ್ಚು ಹಿಡಿದು, ಉಳಿದ ಫೀಸು ವಾಪಸು ಕೊಡಬೇಕು. ಅಲ್ಲಿಂದ ಮುಂದೆ ದಿನ ಕಳೆದ ಹಾಗೆ ವಾಪಸು ಬರುವುದು ಕಡಿಮೆಯಾಗುತ್ತಾ ಹೋಗುತ್ತದೆ. ಪಿಯು ಕಾಲೇಜುಗಳು ಯುಜಿಸಿ ಅಡಿ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ಹಾಗಾದರೆ ಏನು ಮಾಡಬೇಕು?

ನಮ್ಮ ಸಲಹೆ ಇಷ್ಟು. ಒಂದೇ ಕಾಲೇಜು ಬೇಕು, ಅದರ ಪೂರ್ತಿ ಖರ್ಚು ನಾಲ್ಕು ವರ್ಷವೂ ಕೈಯಲ್ಲಿದೆ ಎನ್ನುವವರು ಅರ್ಲಿ ಡಿಸಿಷನ್‌ಗೆ ಧಾರಾಳವಾಗಿ ಸಹಿ ಹಾಕಿ, ತಪ್ಪೇನಿಲ್ಲ. ಹಾಕಿದ ಮೇಲೆ ಮಾತು ಉಳಿಸಿಕೊಳ್ಳಿ. ನಿಮ್ಮ ಮಗು ಮಾತು ತಪ್ಪಿದರೆ ಅದೇ ಶಾಲೆಯಿಂದ ಮುಂದಿನ ವರ್ಷ ಹೋಗುವ ಮಗುವಿಗೆ ಬಾಗಿಲು ಮುಚ್ಚಬಹುದು.

ನೆರವು ಬೇಕಾದವರು ಬೆಲೆ ಹೋಲಿಸಿ ನೋಡುವ ಹಕ್ಕನ್ನು ಬಿಟ್ಟುಕೊಡಬೇಡಿ. ಬೇಗ ಹಾಕಲೇಬೇಕೆಂದರೆ ಷರತ್ತಿಲ್ಲದ ಅರ್ಲಿ ಆಕ್ಷನ್ ಇದೆ, ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಹಾಳೆಯ ಮೇಲೆ ಯಾವ ಬಾಗಿಲಿನ ಹೆಸರಿದೆ ಎಂದು ಮೊದಲು ನೋಡಿ. ವಿದೇಶಿ ವಿದ್ಯಾರ್ಥಿಗೆ ನೆರವು ಉಂಟೋ ಇಲ್ಲವೋ, ಆಮೇಲೆ ಕೇಳಿದರೆ ಕೊಡುತ್ತೀರೋ ಎಂದು ಕಾಲೇಜಿಗೇ ನೇರವಾಗಿ ಪತ್ರ ಬರೆಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಏಜೆಂಟು ಯಾರಿಂದ ಕಮಿಷನ್ ತಗೊಳ್ಳುತ್ತಾನೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ. ವ್ಯಾಪಾರಸ್ಥರಾಗಿ ಇದನ್ನು ಕೇಳಲು ನಾಚಿಕೆ ಪಡಬೇಡಿ.

ಶಾಲೆಯವರಿಗೂ ಒಂದು ಮಾತು. ಮಗುವಿನ ಸಹಿ ಮೊದಲು, ಶಾಲೆಯ ಸಹಿ ಆಮೇಲೆ, ಅಪ್ಪ ಅಮ್ಮನ ಸಹಿ ಕಟ್ಟಕಡೆಗೆ ಎಂಬ ಪದ್ಧತಿ ತಲೆಕೆಳಗು. ದುಡ್ಡು ಕಟ್ಟುವವರನ್ನು ಮೊದಲು ಕೂರಿಸಿ, ಕನ್ನಡದಲ್ಲಿ ತಿಳಿಸಿ, ಆಮೇಲೆ ಹಾಳೆ ಮುಂದಿಡಿ.

ಸಾಹುಕಾರ್ರು ಆ ಹಾಳೆಗೆ ಸಹಿ ಹಾಕಲಿಲ್ಲ. ಮಗಳು ಎರಡು ದಿನ ಫೋನಿನಲ್ಲಿ ಮಾತಾಡಲಿಲ್ಲ. ಮೂರನೇ ದಿನ ಇವರೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಅಂಗಡಿಯ ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಮಗಳ ಮುಂದೆ ಅದನ್ನು ಬಿಚ್ಚಿ, ವರ್ಷಕ್ಕೆ ಬರುವುದೆಷ್ಟು, ಹೋಗುವುದೆಷ್ಟು, ಸಾಲ ಎಷ್ಟು ಎಂದು ತೋರಿಸಿದರಂತೆ. ಮಗಳೇ ಪೆನ್ನು ತಗೊಂಡು ಕಾಲೇಜುಗಳ ಪಟ್ಟಿಯಲ್ಲಿ ಮೂರನ್ನು ಹೊಡೆದುಹಾಕಿ, ಎರಡು ಹೊಸದನ್ನು ಬರೆದಳಂತೆ. ಈಗ ನಾಲ್ಕು ಕಡೆ ಷರತ್ತಿಲ್ಲದ ಅರ್ಜಿ ಹೋಗಿದೆ. ಇಲ್ಲಿ ಸಿಇಟಿಗೂ ಓದುತ್ತಿದ್ದಾಳೆ.

"ಸೀಟು ಸಿಗದೆ ಹೋದ್ರೆ ನನ್ನೇ ಬೈತಾಳೇನೋ" ಎಂದರು ಸಾಹುಕಾರ್ರು, ಮೊನ್ನೆ ಅಂಗಡಿ ಮುಂದೆ ಸಿಕ್ಕಾಗ.

ಬೈಯಲಿ. ಓದಿ ನೋಡಿ ಸಹಿ ಹಾಕದೆ ಇದ್ದ ಅಪ್ಪನನ್ನು ಬೈದ ಮಗಳು ನಾಳೆ ಮರೆಯುತ್ತಾಳೆ. ಓದದೆ ಹಾಕಿದ ಸಹಿಯನ್ನು ಮರೆಯುವುದು ಕಷ್ಟ, ಅಷ್ಟು ಮಾತ್ರ ಈ ವರದಿಗಾರನಿಗೆ ಚೆನ್ನಾಗಿ ಗೊತ್ತು.